‘ಎರಡನೇ ಆಸನ ಎಷ್ಟು ಇಂಚು ಅಂತ ಆರ್‌ಸಿಯಲ್ಲಿಲ್ಲ, ಸ್ವಾಮಿ’

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೊಂದು ಸೀಟ್ ಕುಶನ್ ಅಂಗಡಿ. ರೆಕ್ಸಿನ್ ಸುಲಿಸಿಕೊಂಡು, ಹಳದಿ ಸ್ಪಾಂಜು ತೋರಿಸುತ್ತಾ, ಕಿತ್ತ ಪಿನ್ನುಗಳ ನಡುವೆ ಬಿದ್ದಿತ್ತು ಟೂರಿಂಗ್ ಬೈಕೊಂದರ ಹಿಂದಿನ ಸೀಟು. ಬೈಕಿನ ಯಜಮಾನರು ಕಾಫಿಗೆ ಹೋದದ್ದೇ ತಡ, ಮಾತಿಗೆಳೆದೆವು.

ಪ್ರಶ್ನೆ: ಏನಿದು ಅವಸ್ಥೆ?

ಸೀಟು: ಆಪರೇಷನ್ ಸ್ವಾಮಿ. ಹೆಂಡತಿಗೆ ಜಾಗ ಸಾಲದು ಅಂತ ಯಜಮಾನರಿಗೆ ಈಗ ಹೊಳೆದಿದೆ. ಮೊನ್ನೆ ಆಗುಂಬೆ ಘಾಟಿಯಲ್ಲಿ ತಿರುವಿಗೊಂದು ಬ್ರೇಕು, ಬ್ರೇಕಿಗೊಮ್ಮೆ ಅಮ್ಮಾವ್ರು ಜಾರಿ ಮುಂದಕ್ಕೆ. ಯಜಮಾನರು ಹೋಗಿ ಟ್ಯಾಂಕಿಗೆ ಅಂಟಿಕೊಂಡರು. ತಮಗೆ ನೋವಾದ ಮೇಲೇ ಹಿಂದಿನವರ ನೆನಪಾದದ್ದು.

ಪ್ರಶ್ನೆ: ತಪ್ಪು ನಿಮ್ಮ ಇಳಿಜಾರಿನದೇ ಅಲ್ಲವೇ?

ಸೀಟು: ಸ್ವಲ್ಪ ನನ್ನದೂ ಇದೆ, ಇಲ್ಲ ಅನ್ನಲ್ಲ. ಆದರೆ ಅಮ್ಮಾವ್ರು ಹಿಂದೆ ಸರಿಯೋದಾದರೂ ಎಲ್ಲಿಗೆ? ಬೆನ್ನಿಗೆ ಟಾಪ್ ಬಾಕ್ಸ್, ಎಡಬಲಕ್ಕೆ ಸೈಡ್ ಬಾಕ್ಸ್. ಬಾಕ್ಸ್‌ಗಳಿಗೆಲ್ಲ ಜಾಗ ಕೊಟ್ಟು ಮಿಕ್ಕಿದ್ದು ಅಮ್ಮಾವ್ರಿಗೆ.

ಪ್ರಶ್ನೆ: ನಿಮ್ಮ ವಂಶದಲ್ಲಿ ಎಲ್ಲರದೂ ಇದೇ ಪಾಡೇ?

ಸೀಟು: ಎಲ್ಲಿಯ ಮಾತು! ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ನಮ್ಮಜ್ಜಿಯರದು ಉದ್ದಕ್ಕೂ ಒಂದೇ ಸೀಟು, ಮಟ್ಟಸ. ಸವಾರ ಎಲ್ಲಿ ಮುಗಿದ, ಹೆಂಡತಿ ಎಲ್ಲಿ ಶುರುವಾದಳು ಅನ್ನೋ ಗಡಿಯೇ ಇರಲಿಲ್ಲ. 1996ರಲ್ಲಿ ಕಾರ್ಖಾನೆಗೇ ಬೀಗ ಬಿತ್ತು. ಇನ್ನು ಜಪಾನಿನ ದೊಡ್ಡಮ್ಮ, ಹೋಂಡಾ ಗೋಲ್ಡ್ ವಿಂಗ್. 1975ರಲ್ಲಿ ಬಂದಾಗ ಪೆಟ್ಟಿಗೆಯಿಲ್ಲ, ಗಾಳಿಮರೆಯಿಲ್ಲ. ಕೊಂಡವರೇ ಹೊರಗಿನಿಂದ ತಂದು ಕಟ್ಟಿಕೊಂಡರು. 1980ರಲ್ಲಿ ಕಂಪನಿಯೇ ಎಲ್ಲ ಸೇರಿಸಿ ಮಾರಲು ಹೊರಟಿತು. ಈಗ ಅದರ ಟೂರ್ ಮಾದರಿಯಲ್ಲಿ ಹಿಂದೆ ಕೂತವರಿಗೆ ಒರಗಿಕೊಳ್ಳಲು ಬ್ಯಾಕ್‌ರೆಸ್ಟೂ ಉಂಟು.

ಪ್ರಶ್ನೆ: ಹಾಗಾದರೆ ನಿಮ್ಮನ್ನೂ ಉದ್ದ ಮಾಡಿಸಬಹುದಲ್ಲ?

ಸೀಟು: ಚಾಸಿಸ್ ಕೊಯ್ದೇ? ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿಕೊಂಡು ಬನ್ನಿ. ಕಾನೂನು ಬಿಡಿ, ಹಿಂದಿನ ಆಕ್ಸಲ್ ದಾಟಿ ಭಾರ ಹೋದಷ್ಟೂ ಮುಂದಿನ ಚಕ್ರ ಹಗುರ. ಸ್ಪೀಡಿನಲ್ಲಿ ಹ್ಯಾಂಡಲ್ ತಲೆಯಾಡಿಸತೊಡಗುತ್ತದೆ. ಅಸಲಿಗೆ ಜಾಗ ಇರೋದು ಉದ್ದದಲ್ಲಲ್ಲ, ಮೊಣಕಾಲಲ್ಲಿ. ಫುಟ್‌ರೆಸ್ಟ್ ಒಂದೆರಡು ಇಂಚು ಕೆಳಗಿಳಿಸಿದರೆ ಕಾಲು ಬಿಚ್ಚಿಕೊಳ್ಳುತ್ತೆ, ಅರ್ಧ ದೂರು ಅಲ್ಲೇ ಮುಗಿಯುತ್ತೆ. ಸೈಲೆನ್ಸರ್ ತಾಗದಂತೆ ನೋಡಿಕೊಂಡರಾಯಿತು. ನನ್ನ ಸ್ಪಾಂಜು ಏರಿಸಿದರೂ ಕಾಲಿಗೆ ಸುಖವೇ. ಆದರೆ ಗಾಳಿಯೆಲ್ಲ ಅಮ್ಮಾವ್ರ ಮುಖಕ್ಕೆ, ಹತ್ತೋಕೆ ಏಣಿ ಬೇರೆ ಬೇಕು.

ಪ್ರಶ್ನೆ: ಅಳತೆ ಕೊಡಲು ಅಮ್ಮಾವ್ರು ಬಂದಿದ್ದರೇ?

ಸೀಟು: ಎಲ್ಲಿ ಬರ್ತಾರೆ, ಕರೆದಿದ್ದರೆ ತಾನೇ? ಯಜಮಾನರೇ ಹಿಂದೆ ಕೂತು ನೋಡಿ ‘ಆರಾಮಾಗಿದೆಯಲ್ಲ’ ಅಂದರು. ಬೈಕು ಸ್ಟ್ಯಾಂಡಿನ ಮೇಲಿತ್ತು.

(ಇಲ್ಲಿ ಅಂಗಡಿಯ ಮೇಸ್ತ್ರಿ ಕೆಮ್ಮಿದರು. ನಗು ತಡೆದಿರಬೇಕು.)

ಪ್ರಶ್ನೆ: ಕಾನೂನು ನಿಮ್ಮ ಪರವಾಗಿ ಏನೂ ಹೇಳುವುದಿಲ್ಲವೇ?

ಸೀಟು: ಹೇಳುತ್ತೆ. ಕೇಂದ್ರ ನಿಯಮಾವಳಿಯ 123ನೇ ನಿಯಮದಲ್ಲಿ ಹಿಂದಿನವರಿಗೆ ಹಿಡಿಕೆ ಬೇಕು, ಫುಟ್‌ರೆಸ್ಟ್ ಬೇಕು, ಬಟ್ಟೆ ಸಿಕ್ಕಿಹಾಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕಾದರೂ ಮರೆ ಬೇಕು. ಅದೇ ನಮ್ಮ ಸೀರೆ ಗಾರ್ಡ್. ಸೈಡ್ ಬಾಕ್ಸ್ ಕೂರುತ್ತಿಲ್ಲ ಅಂತ ಅದನ್ನು ಬಿಚ್ಚಿ ಅಟ್ಟಕ್ಕೇರಿಸಿದ್ದಾರೆ. ಆರ್‌ಸಿಯಲ್ಲಿ ಆಸನ ಎರಡು ಅಂತ ಬರೆದಿದೆ, ಎರಡನೆಯದು ಎಷ್ಟು ಇಂಚು ಅಂತ ಬರೆದಿಲ್ಲ. ಎಲ್ಲ ತಕರಾರೂ ಆ ಖಾಲಿ ಬಿಟ್ಟ ಜಾಗದ್ದೇ.

ಪ್ರಶ್ನೆ: ಅಷ್ಟಕ್ಕೂ ಟಾಪ್ ಬಾಕ್ಸಿನಲ್ಲಿರುವುದೇನು?

ಸೀಟು: ಗಾಳಿ ತುಂಬೋ ಪಂಪು, ಪಂಕ್ಚರ್ ಕಿಟ್, ಕ್ಲಚ್ ಕೇಬಲ್, ಚೈನಿಗೆ ಹೊಡೆಯೋ ಸ್ಪ್ರೇ, ಇನ್ನೂ ಡಬ್ಬಿಯಿಂದಾಚೆ ಬರದ ಒಂದು ಡ್ರೋನು.

ಪ್ರಶ್ನೆ: ಅಮ್ಮಾವ್ರ ಬ್ಯಾಗು?

ಸೀಟು: ಅವರ ತೊಡೆ ಮೇಲೆ.

ಪ್ರಶ್ನೆ: ಇವತ್ತಿನ ಆಪರೇಷನ್ನಿನಿಂದ ಗುಣವಾದೀತೇ?

ಸೀಟು: ಇಳಿಜಾರು ಕೊಯ್ದು ಮಟ್ಟಸ ಮಾಡ್ತಿದ್ದಾರೆ, ಜಾರೋದು ಕಡಿಮೆಯಾಗುತ್ತೆ. ‘ಸಾರ್, ಮೇಡಮ್ಮಿಗೆ ಒಂದು ಜೆಲ್ ಪ್ಯಾಡ್ ಹಾಕೋಣ್ವಾ?’ ಅಂತ ಮೇಸ್ತ್ರಿ ಕೇಳಿದರು. ಯಜಮಾನರು ಒತ್ತಿ ಒತ್ತಿ ನೋಡಿ, ‘ಚೆನ್ನಾಗಿದೆ ಕಣ್ರೀ, ಮುಂದಿನ ಸೀಟಿಗೆ ಹಾಕಿ’ ಅಂದು ಕಾಫಿಗೆ ಹೋದರು.