ಚಿಲ್ಲರೆ ರಾಯರು

ಸೊಪ್ಪಿನ ಗಾಡಿಯ ಮುಂದೆ ನಾಲ್ಕು ಜನ ನಿಂತಿದ್ದು, ಗಾಡಿಯಾಗಲಿ ಜನವಾಗಲಿ ಕದಲುತ್ತಿಲ್ಲವೆಂದರೆ ಎಲ್ಲರಿಗಿಂತ ಮುಂದೆ ರಾಯರಿದ್ದಾರೆ ಎಂದೇ ಅರ್ಥ. ಕೊತ್ತಂಬರಿ ಕಟ್ಟು ಚೀಲ ಸೇರಿ ಆಗಲೇ ಐದು ನಿಮಿಷವಾಗಿರುತ್ತದೆ. ವಾಪಸು ಬಂದ ಚಿಲ್ಲರೆ ಅಂಗೈ ಮೇಲೆ ಹರಡಿರುತ್ತದೆ, ಜೇಬಿನಿಂದ ಭೂತಗನ್ನಡಿ ಹೊರಬಂದಿರುತ್ತದೆ.

“ತಾಳಪ್ಪ, ಇದು ಹೈದರಾಬಾದಿಂದು.”

“ಇಲ್ಲ ಸ್ವಾಮಿ, ಮಾಲೂರಿಂದು. ಬೆಳಿಗ್ಗೆ ಕಿತ್ತಿದ್ದು.”

ರಾಯರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಬೀದಿ ಇಟ್ಟದ್ದು ಚಿಲ್ಲರೆ ರಾಯರು ಎಂದು. ಅದು ಅವರ ಕಿವಿಗೂ ಬಿದ್ದಿದೆ, ಬೇಸರವಿಲ್ಲ. ನಿಮ್ಮ ಬೀದಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ; ರಾಯರ ಜಾಗದಲ್ಲಿ ಗೌಡರೋ ಶೆಟ್ಟರೋ ಆಗಿರಬಹುದು, ಅಷ್ಟೆ.

ಇದು ಅವರಿಗೆ ಹುಟ್ಟಿನಿಂದ ಬಂದ ಗುಣವಲ್ಲ. ಲೆಕ್ಕದ ವಿಭಾಗದಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. 2011ರ ಜೂನ್ 30ಕ್ಕೆ ನಾಲ್ಕಾಣೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆ ಮುಗಿಯುತ್ತದೆಂದು ಸರ್ಕಾರ ಹೇಳಿದಾಗ, ರಾಯರ ಮನೆಯಲ್ಲಿ ಹಾರ್ಲಿಕ್ಸ್ ಬಾಟಲಿಯ ತುಂಬ ಘೇಂಡಾಮೃಗದ ಚಿತ್ರವಿದ್ದ ನಾಲ್ಕಾಣೆಗಳಿದ್ದವು. ಬ್ಯಾಂಕಿನಲ್ಲಿ ಸಾಲು ನಿಲ್ಲಲು ಬೇಸರಪಟ್ಟು, ಅಷ್ಟನ್ನೂ ಆಂಜನೇಯನ ಹುಂಡಿಗೆ ಸುರಿದು ಬಂದರು. ಬಾಟಲಿಗೆ ಸಾಸಿವೆ ಬಂತು, ರಾಯರಿಗೆ ಪುಣ್ಯ ಬಂತು.

ಕೆಲವು ವರ್ಷಗಳ ಮೇಲೆ ಮೊಮ್ಮಗ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ. ಘೇಂಡಾಮೃಗದ ಒಂದು ನಾಲ್ಕಾಣೆಗೆ ಲಕ್ಷ ಲಕ್ಷ ಕೊಡುವವರಿದ್ದಾರೆ ಎಂದು ಅದರಲ್ಲಿ ಒಬ್ಬ ಕಿರುಚುತ್ತಿದ್ದ. ಆ ರಾತ್ರಿ ರಾಯರು ನಿದ್ದೆ ಮಾಡಲಿಲ್ಲ. ಆಂಜನೇಯನಿಗೆ ತಾವು ಒಟ್ಟು ಎಷ್ಟು ಕೋಟಿ ಕೊಟ್ಟಂತಾಯಿತು ಎಂದು ಗುಣಿಸುತ್ತ ಕುಳಿತಿದ್ದರಂತೆ. ಬೆಳಗಾಗುತ್ತಲೇ ಗುಡಿಗೆ ಹೋಗಿ ಅರ್ಚಕರನ್ನು ಸೂಕ್ಷ್ಮವಾಗಿ ವಿಚಾರಿಸಿದರು. “ಹುಂಡಿಗೆ ಹಾಕಿದ್ದನ್ನ ವಾಪಸ್ ಕೇಳೋ ಸೇವೆ ನಮ್ಮ ಪಟ್ಟಿಯಲ್ಲಿಲ್ಲ ರಾಯರೇ” ಎಂದರು ಅವರು.

ಅಂದಿನಿಂದ ರಾಯರ ಕೈ ಸೇರಿದ ನಾಣ್ಯ ಅವರ ಕೈ ಬಿಟ್ಟಿಲ್ಲ.

ಒಂದು ಮಾತು ಒಪ್ಪಬೇಕು. ಗುಮಾಸ್ತರಲ್ಲವೇ, ಹಿಡಿದದ್ದನ್ನು ಅರೆಬರೆ ಕಲಿತವರಲ್ಲ. ನಮ್ಮ ನಾಣ್ಯಗಳಲ್ಲಿ ಇಸವಿಯ ಕೆಳಗೆ ಒಂದು ಪುಟ್ಟ ಗುರುತಿರುತ್ತದೆ, ಅದು ಟಂಕಸಾಲೆಯ ಸಹಿ ಎಂದು ನನಗೆ ಗೊತ್ತಾದದ್ದೇ ಅವರಿಂದ. ಇಸ್ಪೀಟಿನ ಡೈಮಂಡ್ ಇದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಗುಂಡನೆಯ ಚುಕ್ಕಿಯಿದ್ದರೆ ನೋಯ್ಡಾ. ಶುರುವಿನಲ್ಲಿ ಒಂದು ದಿನ ಗುರುತೇ ಇಲ್ಲದ ರೂಪಾಯಿ ಸಿಕ್ಕಿ, “ಮರೆತುಬಿಟ್ಟಿದ್ದಾರೆ ಸಾರ್! ಸರ್ಕಾರದ ತಪ್ಪು ಅಚ್ಚು! ನಮ್ಮ ಅದೃಷ್ಟ!” ಎಂದು ರಾತ್ರಿ ಒಂಬತ್ತಕ್ಕೆ ನನ್ನ ಬಾಗಿಲು ಬಡಿದಿದ್ದರು. ಗುರುತು ಹಾಕದಿರುವುದೇ ಕೋಲ್ಕತ್ತದ ಪದ್ಧತಿ ಎಂದು ಮಾರನೆಯ ದಿನ ತಿಳಿಯಿತು. ಆ ಒಂದು ರಾತ್ರಿಯ ಮಟ್ಟಿಗೆ ರಾಯರು ಶ್ರೀಮಂತರಾಗಿದ್ದರು.

1985ರಲ್ಲಿ ಸರ್ಕಾರಕ್ಕೇ ಚಿಲ್ಲರೆ ಸಾಲದೆ ಬ್ರಿಟನ್ನಿನಲ್ಲಿ ರೂಪಾಯಿ ಅಚ್ಚು ಹಾಕಿಸಿ ತರಿಸಿತು. ಬರ್ಮಿಂಗ್‌ಹ್ಯಾಮಿನದಕ್ಕೆ ಇಸವಿಯ ಕೆಳಗೆ ಎಚ್ ಅಕ್ಷರವಿದೆ. ತೊಂಬತ್ತರ ದಶಕದ ಕೊನೆಯಲ್ಲಿ ಮಾಸ್ಕೊ, ಮೆಕ್ಸಿಕೊ, ಪ್ರಿಟೋರಿಯಾಗಳಿಂದಲೂ ಬಂದವು. “ನೋಡಿ, ನಾವು ತಿರುಪತಿ ದಾಟಿಲ್ಲ, ಈ ರೂಪಾಯಿ ಮೆಕ್ಸಿಕೊದಲ್ಲಿ ಹುಟ್ಟಿದೆ” ಎಂದು ರಾಯರು ನಿಟ್ಟುಸಿರು ಬಿಡುತ್ತಾರೆ. ಇಷ್ಟೆಲ್ಲ ತಿಳಿದವರಿಗೆ ಆ ನಾಣ್ಯಗಳು ಗಾಡಿ ಗಾಡಿ ಬಂದಿವೆ ಎಂಬುದು ಮಾತ್ರ ತಲೆಗೆ ಹೋಗುವುದಿಲ್ಲ. ಬೇರೆಯವರ ಕೈಯಲ್ಲಿದ್ದರೆ ಅದು ಮಾಮೂಲು ರೂಪಾಯಿ; ತಮ್ಮ ಡಬ್ಬಿಗೆ ಬಿದ್ದ ಕೂಡಲೇ ಅಪರೂಪ. ಬಸವಣ್ಣನ ಮುಖವಿರುವ 2006ರ ಐದು ರೂಪಾಯಿ ಅವರ ಬಳಿ ಹನ್ನೊಂದಿವೆ.

“ಹನ್ನೊಂದಿದ್ದ ಮೇಲೆ ಅಪರೂಪ ಹೇಗಾಯ್ತು ರಾಯರೇ?”

“ಹನ್ನೊಂದೂ ನನ್ನ ಹತ್ರ ಇರೋದ್ರಿಂದ ಬೇರೆಯವರಿಗೆ ಅಪರೂಪ.”

ಬೀದಿಯ ಅಂಗಡಿಯವರು ಮೊದಮೊದಲು ಗೊಣಗಿದರು, ಈಗ ಅವರ ದಾರಿ ಕಾಯುತ್ತಾರೆ. ಹತ್ತು ರೂಪಾಯಿ ನಾಣ್ಯದ ಹದಿನಾಲ್ಕು ವಿನ್ಯಾಸಗಳೂ ನಡೆಯುತ್ತವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಸಾರಿ ಹೇಳಿದರೂ ನಮ್ಮ ಜನ ಅದನ್ನು ಮುಟ್ಟಲು ಹಿಂಜರಿಯುತ್ತಿದ್ದರಷ್ಟೆ? ಯಾರೂ ಒಲ್ಲದ ಆ ನಾಣ್ಯಗಳೆಲ್ಲ ಕೊನೆಗೆ ರಾಯರ ಪಾಲು. ಅವರೋ ಅದರ ಗೆರೆ ಎಣಿಸುತ್ತಾರೆ: ಹದಿನೈದು ಗೆರೆಯದು ಮೊದಲಿನದು, ಹತ್ತು ಗೆರೆಯದು ರೂಪಾಯಿ ಚಿಹ್ನೆ ಬಂದ ಮೇಲಿನದು. ಅವರ ಕಷ್ಟವೆಲ್ಲ ಫೋನ್‌ಪೇಯಿಂದ. ಹಸುವಿಗೆ ಅಗಸೆ ಸೊಪ್ಪು ಮಾರುವ ಅಜ್ಜಿಯೂ ಕ್ಯೂಆರ್ ಹಲಗೆ ತೂಗುಹಾಕಿದ ದಿನ ರಾಯರು ಕಾಫಿ ಕುಡಿಯಲಿಲ್ಲ. ನೂರರ ನೋಟು ಕೊಟ್ಟು ಹತ್ತು ರೂಪಾಯಿಯ ಕರಿಬೇವು ಕೊಳ್ಳುವವರು ಈಗ ಬೀದಿಯಲ್ಲಿ ಅವರೊಬ್ಬರೇ. ಚಿಲ್ಲರೆಗೆ ಬದಲು ಚಾಕಲೇಟ್ ಕೊಡುವ ಅಂಗಡಿಗೆ ಅವರು ಕಾಲಿಡುವುದಿಲ್ಲ.

ಮನೆಯಲ್ಲಿ ಇನ್ನೊಂದು ಕಥೆ. ಅಜ್ಜಿಯ ಸಂದೂಕದಿಂದ ಬಂದ ಐದನೇ ಜಾರ್ಜನ ಕಂಚಿನ ಕಾಲಾಣೆಯೊಂದು ಇವರ ಸಂಗ್ರಹದ ತಲೆಕಟ್ಟು. ನೂರು ವರ್ಷ ಕೈ ಬದಲಾಯಿಸಿ ಬಂದ ಆ ಕಂದು ಬಣ್ಣಕ್ಕೇ ಬೆಲೆ, ಉಜ್ಜಿದರೆ ಹೋಯಿತು ಎಂದು ಎಲ್ಲ ಸಂಗ್ರಾಹಕರೂ ಬಡಿದುಕೊಳ್ಳುತ್ತಾರೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ರಾಯರ ಮನೆಯಾಕೆ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳಿಸಿ ಕಲಶಕ್ಕೆ ಹಾಕಿದರು. “ರೀ, ನೋಡಿ ಇಲ್ಲಿ, ಹೊಸದರ ಹಾಗೆ ಆಗಿದೆ” ಎಂದು ಕರೆದು ತೋರಿಸಿದರು. ರಾಯರು ಲಕ್ಷ್ಮಿಯ ಮುಂದೆ ಕೈಮುಗಿದು ನಿಂತಿದ್ದರು. ಭಕ್ತಿಯೆಂದುಕೊಂಡು ಮನೆಗೆ ಬಂದ ಮುತ್ತೈದೆಯರೂ ಕೈಮುಗಿದರು.

ಹಳೆಯ ನಾಣ್ಯ ಕೊಳ್ಳುತ್ತೇವೆ ಎಂದು ಒಂದು ದಿನ ಫೋನ್ ಬಂತು. ವೈಷ್ಣೋದೇವಿಯ ಚಿತ್ರದ 2012ರ ಹತ್ತು ರೂಪಾಯಿಗೆ ಹತ್ತು ಲಕ್ಷ, ಅದಕ್ಕೆ ಮೊದಲು ನೋಂದಣಿಗೆ ಎರಡು ಸಾವಿರ ಕಟ್ಟಬೇಕು. ಹಳೆಯ ನೋಟು ನಾಣ್ಯಗಳ ವ್ಯವಹಾರಕ್ಕೆ ತನ್ನ ಹೆಸರು ಹೇಳಿ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿದ್ದನ್ನು ರಾಯರು ಓದಿರಲಿಲ್ಲ. ಆದರೂ ಮೋಸ ಹೋಗಲಿಲ್ಲ; ದುಡ್ಡು ಮೊದಲು ಕೊಡುವುದು ಅವರ ಜಾಯಮಾನಕ್ಕೆ ಒಗ್ಗದು. “ಆ ಎರಡು ಸಾವಿರ ಹಿಡ್ಕೊಂಡು ಉಳಿದ ಒಂಬತ್ತು ಲಕ್ಷದ ತೊಂಬತ್ತೆಂಟು ಸಾವಿರ ಕಳ್ಸಿಬಿಡಿ” ಎಂದರು. ಮೂರು ದಿನ ಚೌಕಾಸಿ ನಡೆಯಿತು. ನಾಲ್ಕನೆಯ ದಿನ ಮೋಸಗಾರನೇ ಬೇಸತ್ತು ಇವರ ನಂಬರು ಬ್ಲಾಕ್ ಮಾಡಿದ.

ಕೊನೆಗೆ ಪೇಟೆಯಲ್ಲಿ ನಾಣ್ಯಗಳ ಪ್ರದರ್ಶನ ಬಂದಾಗ ನನ್ನನ್ನೂ ಎಳೆದುಕೊಂಡು ಹೋದರು. ಎರಡೂವರೆ ಕೆಜಿ ನಾಣ್ಯ ಕೈಚೀಲದಲ್ಲಿ. ಮೇಜಿನ ಹಿಂದೆ ಕುಳಿತ ಮುದುಕರು ಅಷ್ಟನ್ನೂ ಹತ್ತು ನಿಮಿಷದಲ್ಲಿ ಬೆರಳಾಡಿಸಿ ಮುಗಿಸಿದರು.

“1964ರ ನೆಹರೂ ರೂಪಾಯಿ ಇದೆ, ನೋಡಿದ್ರಾ?”

“ಅವರು ಹೋದ ವರ್ಷದ್ದು ಅಂತ ದೇಶವೇ ಎತ್ತಿಟ್ಟಿದೆ ಸ್ವಾಮಿ. ಎಲ್ಲರೂ ಎತ್ತಿಟ್ಟದ್ದು ಅಪರೂಪ ಹೇಗಾಗುತ್ತೆ?”

“ವೈಷ್ಣೋದೇವಿ?”

“ಹತ್ತಕ್ಕಿಂತ ಸ್ವಲ್ಪ ಮೇಲೆ, ಲಕ್ಷಕ್ಕಿಂತ ಬಹಳ ಕೆಳಗೆ.” ಮುದುಕರು ಕನ್ನಡಕ ತೆಗೆದರು. “1939ರ ಆರನೇ ಜಾರ್ಜನ ಬೆಳ್ಳಿ ರೂಪಾಯಿ ಇದ್ರೆ ತನ್ನಿ, ಕಾಫಿ ಕೊಡಿಸಿ ಮಾತಾಡ್ತೀನಿ. ಅದು ಸೊಪ್ಪಿನ ಗಾಡೀಲಿ ಸಿಗಲ್ಲ. ಅಚ್ಚು ಪಕ್ಕಕ್ಕೆ ಸರಿದು ಅರ್ಧ ಚಿತ್ರವೇ ಇಲ್ಲದ್ದು ಸಿಕ್ಕಿದ್ರೂ ತನ್ನಿ. ಇವು ಸವೆದಿವೆ ಅಷ್ಟೆ. ಸವೆದದ್ದು ಬೇರೆ, ಟಂಕಸಾಲೆ ತಪ್ಪು ಬೇರೆ. ಇದಿಷ್ಟರ ಬೆಲೆ 2,340 ರೂಪಾಯಿ.”

ರಾಯರ ಮುಖ ಅರಳಿತು. “ಅಷ್ಟಕ್ಕೆ ತಗೋತೀರಾ?”

“ನಾನಲ್ಲ, ದಿನಸಿ ಅಂಗಡಿಯವನು. ಮೇಲೆ ಬರೆದಿರೋದನ್ನೇ ಕೂಡಿ ಹೇಳಿದೆ. ಒಂದೇ ಸಲ ಕೊಡೋಕೆ ಹೋಗ್ಬೇಡಿ, ಸಾವಿರ ರೂಪಾಯಿಗಿಂತ ಹೆಚ್ಚಿನ ನಾಣ್ಯ ತಗೊಳ್ಳಲೇಬೇಕು ಅಂತ ಕಾನೂನಿಲ್ಲ.”

ವಾಪಸು ಬರುವಾಗ ಬಸ್ಸಿನಲ್ಲಿ ರಾಯರು ಬಹಳ ಹೊತ್ತು ಮಾತಾಡಲಿಲ್ಲ. ಕಂಡಕ್ಟರ್ ಬಂದು “ಚಿಲ್ಲರೆ ಕೊಡಿ ಸಾರ್” ಎಂದ. ತೊಡೆಯ ಮೇಲೆ ಎರಡೂವರೆ ಕೆಜಿ ಝಣಗುಟ್ಟುತ್ತಿದ್ದಂತೆಯೇ ರಾಯರು ನೂರರ ನೋಟು ಚಾಚಿ, “ಚಿಲ್ಲರೆ ಇಲ್ಲಪ್ಪ” ಎಂದರು. ಕಂಡಕ್ಟರ್ ಚೀಲವನ್ನೂ ಅವರನ್ನೂ ನೋಡಿದ. ಜಗಳವಾಗುವ ಮೊದಲು ಇಬ್ಬರದ್ದೂ ನಾನೇ ಕೊಟ್ಟೆ. ಅವನು ನನಗೆ ಎರಡು ರೂಪಾಯಿಯ ನಾಣ್ಯವೊಂದನ್ನು ವಾಪಸು ಕೊಟ್ಟ.

“ಕೊಡಿ ಇಲ್ಲಿ, ಒಂದ್ನಿಮಿಷ ನೋಡಿ ಕೊಡ್ತೀನಿ” ಎಂದರು ರಾಯರು.

ಇನ್ನೂ ಕೊಟ್ಟಿಲ್ಲ.