ಬಡತನ ಕಡಿತ ಯಂತ್ರ: ಬಳಸುವ ವಿಧಾನ (ನಲ್ಲೂರು ಆವೃತ್ತಿ)

ಈ ಯಂತ್ರವನ್ನು ಆರಿಸಿಕೊಂಡದ್ದಕ್ಕೆ ವಂದನೆಗಳು. ನೀವು ಆರಿಸಿಕೊಂಡಿಲ್ಲ ಎಂಬುದು ನಮಗೂ ಗೊತ್ತು. ಆದರೂ ಕೈಪಿಡಿ ಎಂದ ಮೇಲೆ ಹೀಗೇ ಶುರುವಾಗಬೇಕು. ತಯಾರಿಕೆ ವಾಷಿಂಗ್‌ಟನ್‌ನ ವಿಶ್ವಬ್ಯಾಂಕಿನಲ್ಲಿ, ಒಂದು ಮಾದರಿ ಮಾತ್ರ ಮನಿಲಾದ ಇನ್ನೊಂದು ಬ್ಯಾಂಕಿನಲ್ಲಿ. ಜೋಡಣೆ ಬೆಂಗಳೂರಿನಲ್ಲಿ. ಓಡುವುದು ಚನ್ನಗಿರಿ, ಹೊನ್ನಾಳಿ, ಜಗಳೂರಿನಂಥ ಕಡೆ. ಕೆಟ್ಟರೆ ರಿಪೇರಿ ನಮ್ಮ ನಲ್ಲೂರಿನವರದ್ದೇ.

ಗೆರೆ ಹೊಂದಿಸುವುದು

ಯಂತ್ರ ಚಾಲೂ ಮಾಡುವ ಮುನ್ನ ಬಡತನದ ಗೆರೆಯನ್ನು ಸರಿಯಾಗಿ ಇಟ್ಟುಕೊಳ್ಳಿ. ಕಂಪನಿಯ ಗೆರೆ 1990ರಲ್ಲಿ ದಿನಕ್ಕೆ 1 ಡಾಲರ್ ಇತ್ತು. 2008ರಲ್ಲಿ 1.25, 2015ರಲ್ಲಿ 1.90, 2022ರಲ್ಲಿ 2.15 ಆಯಿತು. 2025ರ ಜೂನ್‌ನಿಂದ 3 ಡಾಲರ್. ಇದನ್ನು ಪೇಟೆಯ ಡಾಲರ್ ಎಂದುಕೊಂಡು 250 ರೂಪಾಯಿ ಲೆಕ್ಕ ಹಾಕಬೇಡಿ. ಕೊಳ್ಳುವ ಶಕ್ತಿಯನ್ನು ಸರಿದೂಗಿಸಿದ ಡಾಲರ್ ಅದು, 2021ರ ಬೆಲೆಯಲ್ಲಿ 60 ರೂಪಾಯಿ ಆಸುಪಾಸು. ದಿನಕ್ಕೆ ಅದಕ್ಕಿಂತ ನಾಲ್ಕಾಣೆ ಹೆಚ್ಚು ಖರ್ಚು ಮಾಡಿದವರು ಕಡುಬಡವರಲ್ಲ, ಅಂಥವರ ಮೇಲೆ ಯಂತ್ರ ಕೆಲಸ ಮುಗಿಸಿಯಾಗಿದೆ. ನ್ಯಾಯಬೆಲೆ ಅಂಗಡಿಯ ಮುಂದಿನ ಗೆರೆ ಬೇರೆ ಇದೆ, ಅದನ್ನು ಇದರ ಜೊತೆ ಬೆರೆಸಬೇಡಿ.

ಊರವರನ್ನು ಸೇರಿಸುವುದು

ಸಹಭಾಗಿತ್ವ ಕಡ್ಡಾಯ. ಮೊದಲು ಒಪ್ಪಂದಕ್ಕೆ ಸಹಿ ಮಾಡಿ, ಆಮೇಲೆ ಸಭೆ ಕರೆಯಿರಿ. ಹಾಜರಿ ಪುಸ್ತಕ ಮರೆಯಬೇಡಿ, ಹೆಬ್ಬೆಟ್ಟೂ ನಡೆಯುತ್ತದೆ. ಕುಡಿಯುವ ನೀರಿನ ‘ಜಲ ನಿರ್ಮಲ’ವಾಗಲಿ, ಕೆರೆ ಹೂಳೆತ್ತುವ ಜಲ ಸಂವರ್ಧನೆಯಾಗಲಿ, ಊರವರಿಂದ ವಂತಿಗೆ ಎತ್ತುವುದೂ ವಿಧಾನದ ಭಾಗವೇ. ಆಫ್ರಿಕಾದ ಗಿರಾಕಿಗಳಿಗೆ ಇದಕ್ಕಿಂತ ಗೌರವದ ವ್ಯವಸ್ಥೆ ಮಾಡಲಾಗಿತ್ತು. 1999ರ ನಂತರ ಸಾಲ ಮನ್ನಾ ಬೇಕೆನ್ನುವ ದೇಶ ತನ್ನ ಬಡತನ ಕಡಿತದ ಯೋಜನೆಯನ್ನು ತಾನೇ ಬರೆಯಬೇಕಿತ್ತು, ಬರೆದು ವಾಷಿಂಗ್‌ಟನ್ನಿಗೆ ಒಯ್ದು ತೋರಿಸಬೇಕಿತ್ತು. ಯಾವ ದೇಶದ್ದು ಓದಿದರೂ ಒಂದೇ ಕೈಬರಹ ಎಂದು ಟೀಕಾಕಾರರು ಮೂಗು ಮುರಿದರು. ಅದರಲ್ಲಿ ಆಶ್ಚರ್ಯವೇನಿದೆ? ಪಾಸು ಮಾಡುವ ಮೇಷ್ಟ್ರು ಒಬ್ಬರೇ ಆಗಿದ್ದರು.

ಮೀಟರ್ ಜೋಡಣೆ

ಕರ್ನಾಟಕಕ್ಕೆ 2001ರಲ್ಲಿ 15 ಕೋಟಿ ಡಾಲರ್, ಮರುವರ್ಷ 10 ಕೋಟಿ ಡಾಲರ್ ‘ಆರ್ಥಿಕ ಪುನರ್ರಚನೆ ಸಾಲ’ ಬಂತು. ಇದರಲ್ಲಿ ಕಾಲುವೆ, ಶಾಲೆ ಹುಡುಕಬೇಡಿ. ನೇರ ಬಜೆಟ್ಟಿಗೆ ಬೀಳುವ ದುಡ್ಡು, ಜೊತೆಗೆ ಷರತ್ತುಗಳ ಪಟ್ಟಿ, ಅದರಲ್ಲಿ ಕರೆಂಟಿನ ಸುಧಾರಣೆಯೂ ಸೇರಿತ್ತು. ಅಷ್ಟರಲ್ಲಾಗಲೇ 1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಆಗಿತ್ತು. 2002ರಲ್ಲಿ ಅದನ್ನೂ ಸೀಳಿ, ದಾವಣಗೆರೆ ಸೀಮೆ ಬೆಸ್ಕಾಂ ಪಾಲಿಗೆ ಬಂತು. ಪಂಪ್‌ಸೆಟ್ಟಿಗೆ ಮೀಟರ್ ಕೂರಿಸುವ ಭಾಗ ಮಾತ್ರ ಸರಿಯಾಗಿ ಕೂರಲಿಲ್ಲ. ರೈತ ಸಂಘದವರು ಬಿಡಲಿಲ್ಲ. ಕೊನೆಗೆ 2008ರಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರವೇ ಪುಕ್ಕಟೆ ಕರೆಂಟ್ ಎಂದಿತು. ಪುಕ್ಕಟೆ ಕರೆಂಟಿನಿಂದ ಚನ್ನಗಿರಿಯ ತೋಟಗಳಲ್ಲಿ ಕೊಳವೆಬಾವಿ ಎಷ್ಟು ಆಳಕ್ಕೆ ಇಳಿಯಿತು ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದನ್ನು ಕೇಳಬೇಕಾದವರು ನಾವು. ಸಾಲದ ಷರತ್ತಿನ ರೂಪದಲ್ಲಿ ಬಂದದ್ದರಿಂದ ಅದು ಜಗಳವಾಯಿತೇ ಹೊರತು ಚರ್ಚೆಯಾಗಲಿಲ್ಲ.

ಹಸಿರು ಗುಂಡಿ ಒತ್ತುವುದು

ಯಂತ್ರದ ಹಳೆಯ, ಬಹಳ ಹೆಸರಾದ ಮಾದರಿ ಇದು: ಸಾಮಾಜಿಕ ಅರಣ್ಯ. ಹಳ್ಳಿಯ ಬಡವರಿಗೆ ಸೌದೆ, ದನಕ್ಕೆ ಮೇವು ಎಂಬ ಹೆಸರಿನಲ್ಲಿ 1983ರಲ್ಲಿ ವಿಶ್ವಬ್ಯಾಂಕ್ ಕರ್ನಾಟಕಕ್ಕೆ ಸಾಲ ಮಂಜೂರು ಮಾಡಿತು, ಬ್ರಿಟಿಷ್ ಸರ್ಕಾರವೂ ಕೈಜೋಡಿಸಿತು. ಗುಂಡಿ ಒತ್ತಿದರೆ ಬಂದದ್ದು ನೀಲಗಿರಿ. ಅದರ ಎಲೆಯನ್ನು ಯಾವ ದನವೂ ಮೂಸುವುದಿಲ್ಲ. ಬಡವ ಸೌದೆಗೆ ಕೈ ಹಾಕುವ ಮುಂಚೆ ಮರವನ್ನು ಕಾರ್ಖಾನೆ ಕೊಂಡುಕೊಳ್ಳುತ್ತಿತ್ತು. ಕೋಲಾರದಲ್ಲಿ ರಾಗಿ ಹೊಲಗಳೇ ನೀಲಗಿರಿ ತೋಪಾಗುತ್ತಿವೆ, ಕೂಲಿಯವರಿಗೆ ಕೆಲಸ ತಪ್ಪುತ್ತಿದೆ ಎಂದು 1981ರಲ್ಲೇ ಅಧ್ಯಯನ ಮಾಡಿದವರು ಬರೆದಿಟ್ಟಿದ್ದರು. 1983ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ಸಸಿ ಕಿತ್ತುಹಾಕಿ, ಅದೇ ಜಾಗದಲ್ಲಿ ಹುಣಸೆ, ಮಾವಿನ ಬೀಜ ಊರಿದರು. ಬಳಕೆದಾರರ ಅಭಿಪ್ರಾಯ ಇದಕ್ಕಿಂತ ಸ್ಪಷ್ಟವಾಗಿ ಬರುವುದು ಕಷ್ಟ. ಆದರೆ ಅಭಿಪ್ರಾಯ ಬರೆಯುವ ಕಾಲಂ ಅರ್ಜಿಯಲ್ಲಿ ಇರಲಿಲ್ಲ.

ಯಂತ್ರಕ್ಕೆ ಹೊಂದುವ ಬಿಡಿಭಾಗ ಇಲ್ಲೇ ತಯಾರಾಯಿತು. ಅದು ಬ್ಯಾಂಕಿನದಲ್ಲ, ನಮ್ಮದೇ. ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ ರೇಯಾನ್ ತಿರುಳು ಮಾಡುವ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿ, ಸುಮಾರು 75,000 ಎಕರೆ ಸಾರ್ವಜನಿಕ ಭೂಮಿಯನ್ನು ಅದರ ಕೈಗಿಡಲು ಹೊರಟಿತು. ಜನ ದನ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ಭೂಮಿ ಅದು. ನಮ್ಮ ಆಗಿನ ಶಿವಮೊಗ್ಗ ಜಿಲ್ಲೆಯೂ ಪಟ್ಟಿಯಲ್ಲಿತ್ತು. ಚನ್ನಗಿರಿ ಆಗ ಆ ಜಿಲ್ಲೆಗೇ ಸೇರಿತ್ತು. ಶಿವರಾಮ ಕಾರಂತರೇ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದರು, 1987ರಲ್ಲಿ ತಡೆಯಾಜ್ಞೆ ಬಂತು. ಆ ವರ್ಷದ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮತ್ತು ಊರವರು ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಸಿದರು: ನೀಲಗಿರಿ ಕೀಳುವುದು, ತಮಗೆ ಬೇಕಾದ ಗಿಡ ನೆಡುವುದು. ಕೆಲವು ವರ್ಷಗಳಲ್ಲಿ ಕಂಪನಿಯೇ ಮುಚ್ಚಿತು. ಕೈಪಿಡಿಯ ಈ ಪುಟವನ್ನು ಕೆಳಗಿನಿಂದ ಮೇಲಕ್ಕೆ ಓದಿ ಗೆದ್ದವರು ಅವರು. ಮುಂದಿನ ಆವೃತ್ತಿಗಳಲ್ಲಿ ಪುಟವನ್ನೇ ತೆಗೆಯಲಾಗಿದೆ.

ನಾಲೆಯ ಕೊನೇ ಭಾಗದವರಿಗೆ ಸೂಚನೆ

ಭದ್ರಾ ಅಚ್ಚುಕಟ್ಟಿನವರಿಗೆ ಆಕಾಶದಿಂದ ಓಡುವ ಮಾದರಿ ಸಿಕ್ಕಿತ್ತು. ವಿಶ್ವಬ್ಯಾಂಕ್ ನೆರವಿನ ರಾಷ್ಟ್ರೀಯ ಜಲ ನಿರ್ವಹಣಾ ಯೋಜನೆಯ ಫಲ ಏನಾಯಿತೆಂದು ಹೈದರಾಬಾದಿನ ದೂರಸಂವೇದಿ ಸಂಸ್ಥೆ ಉಪಗ್ರಹದ ಚಿತ್ರ ನೋಡಿ ನಮ್ಮ ಭತ್ತವನ್ನು ಅಳೆಯಿತು. ಒಳ್ಳೆಯ ವಿಜ್ಞಾನವೇ, ತಮಾಷೆಯಲ್ಲ. ಭದ್ರಾದ ಈ ಅಧ್ಯಯನವನ್ನು ನೀರಾವರಿ ಪಂಡಿತರು ಈಗಲೂ ಉದಾಹರಿಸುತ್ತಾರೆ. ಆದರೆ ಚಾನಲ್ಲಿಗೆ ರಾತ್ರಿ ಪಂಪ್ ಇಳಿಬಿಟ್ಟವರು ಯಾರು, ಮೇಲ್ಭಾಗದ ಗದ್ದೆ ಯಾವಾಗ ಅಡಿಕೆ ತೋಟವಾಯಿತು, ನೀರು ಹಂಚುವ ದಿನಗೂಲಿ ಸೌಡಿಗೆ ಸಂಬಳ ಬಂತೇ ಎಂಬುದು ಆಕಾಶದಿಂದ ಕಾಣುವ ಸಂಗತಿಗಳಲ್ಲ. ಬೇಸಿಗೆ ಭತ್ತಕ್ಕೆ ನೀರು ಬಿಡುವ ಹೊತ್ತಿಗೆ ಕೊನೇ ಭಾಗದ ರೈತರು ಈಗಲೂ ರಸ್ತೆಗೆ ಬಂದು ಕೂರುತ್ತಾರೆ.

ತೊಂದರೆ ಕಂಡುಬಂದರೆ

ದಾವಣಗೆರೆ, ಹರಿಹರದ ರಸ್ತೆಗಳಲ್ಲಿ ಗುಂಡಿ ಕಂಡರೆ ಗಾಬರಿ ಬೇಡ. ಮನಿಲಾ ಮಾದರಿಯ ಪೈಪು ಹೂತ ಗುರುತು ಅದು. 24 ಗಂಟೆ ನೀರಿನ ಆ ಸಾಲ 2014ರದ್ದು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ವಿಶ್ವಬ್ಯಾಂಕ್ ಪ್ರಾಯೋಗಿಕ ವಾರ್ಡುಗಳಲ್ಲಿ ನಿಜಕ್ಕೂ ಹಗಲೂರಾತ್ರಿ ನೀರು ಬಂತು, ಅದನ್ನು ಅಲ್ಲಗಳೆಯುವಂತಿಲ್ಲ. ಪಕ್ಕದ ವಾರ್ಡಿನವರು ವಾರಕ್ಕೊಮ್ಮೆ ಕೊಡ ಹಿಡಿದು ನಿಂತಿದ್ದರು ಎಂಬುದನ್ನೂ.

ದೂರು ಕೊಡಬೇಕೆಂದರೆ 1993ರಿಂದ ವಿಶ್ವಬ್ಯಾಂಕಿನಲ್ಲೇ ಒಂದು ತಪಾಸಣಾ ಮಂಡಳಿ ಇದೆ. ನರ್ಮದಾ ಕಣಿವೆಯವರು ಹೋರಾಡಿ ಗಳಿಸಿಕೊಟ್ಟದ್ದು ಅದು. ಆದರೆ ನಿಮಗಾದ ನಷ್ಟ ತೋರಿಸಿದರಷ್ಟೇ ಸಾಲದು, ಬ್ಯಾಂಕ್ ತನ್ನದೇ ನಿಯಮ ಮುರಿದದ್ದರಿಂದ ಆ ನಷ್ಟವಾಯಿತೆಂದೂ ತೋರಿಸಬೇಕು. ನಿಯಮಪುಸ್ತಕ ಇಂಗ್ಲಿಷಿನಲ್ಲಿದೆ.

ವಾರಂಟಿ

ತಯಾರಕರ ಹೊಣೆಗೆ ವಾರಂಟಿ ಇಲ್ಲ. ಯೋಜನೆ ಸೋತರೆ ಅದಕ್ಕೆ ‘ಕಲಿತ ಪಾಠಗಳು’ ಎಂಬ ಅಧ್ಯಾಯವಿದೆ, ಮುಂದಿನ ಸಾಲದ ಮುನ್ನುಡಿಗೆ ಅದು ಉಪಯೋಗಕ್ಕೆ ಬರುತ್ತದೆ. ಕಂತಿಗೆ ಮಾತ್ರ ವಾರಂಟಿ ಗಟ್ಟಿ. ನೀಲಗಿರಿಗೆ ದುಡ್ಡು ಕೊಟ್ಟ ಕಾಲದಲ್ಲಿ ವಿಶ್ವಬ್ಯಾಂಕಿನ ಮೃದು ಸಾಲದ ಅವಧಿ 50 ವರ್ಷ, ಮೊದಲ 10 ವರ್ಷ ಅಸಲು ಕಟ್ಟಬೇಕಿಲ್ಲ, ಬಡ್ಡಿಯಿಲ್ಲ, ಶೇ 0.75 ಸೇವಾ ಶುಲ್ಕ. ದಯೆಯ ಷರತ್ತೇ. ಆದರೆ ತೀರಿಸುವುದು ವಿದೇಶಿ ಹಣದಲ್ಲಿ. ಆಗ ಡಾಲರಿಗೆ 10 ರೂಪಾಯಿ ಆಸುಪಾಸು, ಈಗ 85 ದಾಟಿದೆ. 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. 1983ರಲ್ಲಿ ಮಂಜೂರಾದ ಸಾಲದ ಅವಧಿ ಮುಗಿಯುವುದು 2033ಕ್ಕೆ. ರಸೀದಿಯನ್ನು ಅಲ್ಲಿಯವರೆಗೆ ಜೋಪಾನವಾಗಿ ಇಟ್ಟುಕೊಳ್ಳಿ.