ಮೇಷ್ಟ್ರ ವೀಣೆ, ಅಂಗಡಿಯವನ ಡ್ಯಾಕ್

"ಬಾರಯ್ಯ ಇಲ್ಲಿ, ಒಂದು ನಿಮಿಷ" ಅಂತ ಪಕ್ಕದ ಮನೆ ಮೇಷ್ಟ್ರು ಕೂಗಿದಾಗ ನಾನು ಪೂಜೆಗೆ ದಾಸವಾಳ ಕೀಳುತ್ತಿದ್ದೆ. ಕಾಂಪೌಂಡ್ ಗೋಡೆಯ ಮೇಲೆ ಅವರು ತಂದಿಟ್ಟದ್ದು ಸೋಪಿನ ಡಬ್ಬಿಯಷ್ಟಿದ್ದ ಒಂದು ಕಪ್ಪು ಪೆಟ್ಟಿಗೆ, ಡ್ಯಾಕ್. ಒಂದು ವಾರ ಕೇಳಿ ನೋಡಿ ಅಂತ ಅಂಗಡಿಯವನು ಕೊಟ್ಟಿದ್ದನಂತೆ. ಹಿಡಿಸಿದರೆ ಅದರ ಹಿಂದೆ ರೀಕ್ಲಾಕರ್ ಅನ್ನೋದು ಇನ್ನೊಂದು, ಆಮೇಲೆ ಎರಡಕ್ಕೂ ಬೇರೆ ಪವರ್ ಸಪ್ಲೈ.

"ದೊರೆಸ್ವಾಮಿ ಅಯ್ಯಂಗಾರ್ರ ವೀಣೆ ಮಂದ್ರಕ್ಕೆ ಇಳಿದ್ರೆ ಎಲ್ಲಾ ಕಲಸಿಹೋಗುತ್ತೆ ಕಣಯ್ಯ. ಇದು ಹಾಕಿದ್ರೆ ತಿಳಿಯಾಗುತ್ತಾ?"

ನಾನು ಕೇಳಿದೆ, "ನಿಮ್ಮ ಸಿಡಿ ಪ್ಲೇಯರ್ ಒಳಗೇ ಒಂದು ಡ್ಯಾಕ್ ಇದೆಯಲ್ಲ ಮೇಷ್ಟ್ರೇ, ಅದೇನು ತಪ್ಪು ಮಾಡ್ತಿದೆ?" ತಟ್ಟೆಯಲ್ಲಿರುವ ಅಂಕಿಗಳನ್ನು ಕರೆಂಟಿನ ಅಲೆಯಾಗಿ ಮಾಡುವುದೇ ಅದರ ಕೆಲಸ. 1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂದಾಗಿನಿಂದ ಲೆಕ್ಕ ಒಂದೇ: ಸೆಕೆಂಡಿಗೆ 44,100 ಸಲ ಅಳತೆ, ಪ್ರತಿ ಅಳತೆಗೂ 16 ಬಿಟ್. ಇಷ್ಟರಲ್ಲಿ 22,050 ಹರ್ಟ್ಜ್‌ವರೆಗಿನ ನಾದ ಹಿಡಿಸುತ್ತದೆ. ಎಳೆಯರ ಕಿವಿಗೂ 20,000ದ ಆಚೆ ಕೇಳುವುದಿಲ್ಲ, ಅರವತ್ತು ದಾಟಿದವರಿಗೆ 12,000ವೇ ಕಷ್ಟ.

"ಹಾಗಾದ್ರೆ ನಿನ್ನೆ ಇದನ್ನ ಹಾಕಿದಾಗ ನನಗೆ ಚೆನ್ನಾಗಿ ಕೇಳಿಸಿದ್ದು ಸುಳ್ಳಾ?" ಮೇಷ್ಟ್ರಿಗೆ ಬೇಸರವಾಯಿತು. ಸುಳ್ಳು ಅಂತ ನಾನು ಹೇಳಲಿಲ್ಲ. ಮಲ್ಟಿಮೀಟರ್ ತಗೊಂಡು ಸಂಜೆ ಬರ್ತೀನಿ ಅಂದೆ.

ಸಿಡಿ ಪ್ಲೇಯರಿನ ವೈರು ಆಂಪ್ಲಿಫೈಯರಿನ ಒಂದು ತೂತಿಗೆ, ಡ್ಯಾಕಿನದು ಇನ್ನೊಂದಕ್ಕೆ. 400 ಹರ್ಟ್ಜಿನ ಒಂದೇ ಸಮನಾದ ನಾದ ಹಾಕಿ ಸ್ಪೀಕರಿನ ತುದಿಯಲ್ಲಿ ಮೀಟರ್ ಹಿಡಿದೆ. ಪ್ಲೇಯರಿನಲ್ಲಿ 1.0 ವೋಲ್ಟ್, ಡ್ಯಾಕಿನಲ್ಲಿ 1.2. ಅಂದರೆ ಡ್ಯಾಕ್ ಒಂದೂವರೆ ಡೆಸಿಬೆಲ್ ಜೋರು. ಅಷ್ಟು ವ್ಯತ್ಯಾಸವನ್ನು ಕಿವಿ 'ಜೋರು' ಅಂತ ಗುರುತಿಸುವುದೇ ಇಲ್ಲ, 'ಸೊಗಸು' ಅಂದುಬಿಡುತ್ತದೆ. ಮೇಷ್ಟ್ರು ನಿನ್ನೆ ಕೇಳಿದ್ದು ಇದನ್ನೇ ಇರಬೇಕು. ಡ್ಯಾಕಿನ ವಾಲ್ಯೂಮ್ ತಿರುಗಿಸಿ ಎರಡನ್ನೂ ಸರಿಸಮ ಮಾಡಿದೆ.

ಆಮೇಲೆ ಮೇಷ್ಟ್ರನ್ನು ಬೆನ್ನು ತಿರುಗಿಸಿ ಕೂರಿಸಿದೆವು. ಅವರ ಮನೆಯಾಕೆ ಪ್ರತಿ ಸಲವೂ ನಾಣ್ಯ ಚಿಮ್ಮುತ್ತಿದ್ದರು, ರಾಜ ಬಿದ್ದರೆ ಡ್ಯಾಕ್, ರಾಣಿ ಬಿದ್ದರೆ ಪ್ಲೇಯರ್. ಸದ್ದಿಲ್ಲದೆ ಗುಂಡಿ ತಿರುಗಿಸಿ, ಕ್ಯಾಲೆಂಡರಿನ ಹರಿದ ಹಾಳೆಯ ಹಿಂದೆ ಗೀಚಿಕೊಳ್ಳುತ್ತಿದ್ದರು. ಹದಿನಾರು ಸಲ. ಹನ್ನೆರಡಾದರೂ ಸರಿ ಬಂದರೆ ಪೆಟ್ಟಿಗೆಯಲ್ಲಿ ಏನೋ ಇದೆ ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಬಂದದ್ದು ಒಂಬತ್ತು. ಕಣ್ಣು ಮುಚ್ಚಿ ಹೇಳಿದ್ದರೂ ಎಂಟು ಬರುತ್ತಿತ್ತು.

ಇದರಲ್ಲಿ ಮೇಷ್ಟ್ರ ಕಿವಿಯ ದೋಷವೇನೂ ಇಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ ಮೇಯರ್, ಮೊರಾನ್ ಎಂಬಿಬ್ಬರು ಸಿಡಿಗಿಂತ ಸೂಕ್ಷ್ಮವಾದ ರೆಕಾರ್ಡಿಂಗುಗಳನ್ನು ಒಮ್ಮೆ ನೇರವಾಗಿ, ಒಮ್ಮೆ ಸಿಡಿಯ ಮಟ್ಟಕ್ಕೆ ಇಳಿಸಿ ಕೇಳಿಸಿದ್ದರು. 2007ರಲ್ಲಿ ಅಚ್ಚಾದ ಅವರ ವರದಿಯ ಪ್ರಕಾರ 554 ಸಲದಲ್ಲಿ ಸರಿಯುತ್ತರ 276, ಅರ್ಧಕ್ಕೂ ಒಂದು ಕಡಿಮೆ.

ಹಾಗಂತ ಡ್ಯಾಕೇ ದಂಡ ಅನ್ನುವವನಲ್ಲ ನಾನು. ನಮ್ಮ ಮನೆಯಲ್ಲೊಂದಿದೆ. ಟಿವಿಯನ್ನು ಆಂಪ್ಲಿಫೈಯರಿಗೆ ಜೋಡಿಸಿದರೆ ಸಾಕು, ಗುಂಯ್ ಅಂತ ಒಂದೇ ಸಮನೆ ಸದ್ದು. ಕೇಬಲ್ ಟಿವಿಯ ವೈರು ಒಂದು ಕಡೆ ಅರ್ತ್ ಆಗಿದೆ, ಆಂಪ್ಲಿಫೈಯರ್ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಇನ್ನೊಂದು ಕಡೆ. ನಡುವೆ ಮನೆಯ 50 ಹರ್ಟ್ಜಿನ ಕರೆಂಟು ಸುತ್ತು ಹೊಡೆಯುತ್ತಿತ್ತು. ಆಪ್ಟಿಕಲ್ ಕೇಬಲಿನಲ್ಲಿ ಹರಿಯುವುದು ಬೆಳಕು, ಟಿವಿಗೂ ಡ್ಯಾಕಿಗೂ ಕರೆಂಟಿನ ನಂಟೇ ಇರುವುದಿಲ್ಲ. ಹಾಕಿದ ಕ್ಷಣದಲ್ಲೇ ಗುಂಯ್ ನಿಂತಿತು, ಅಡುಗೆಮನೆಯಿಂದಲೇ ನನ್ನ ಹೆಂಡತಿ "ಏನಾಯ್ತು?" ಅಂತ ಕೇಳಿದಳು. ಅಂಥ ಫರಕಿಗೆ ನಾಣ್ಯ ಚಿಮ್ಮಬೇಕಾಗಿಲ್ಲ.

"ರೀಕ್ಲಾಕರ್ ಕಥೆ?" ಅಂದರು ಮೇಷ್ಟ್ರು. ಅಂಕಿಗಳ ತಾಳ ತಿದ್ದುತ್ತೇನೆ ಅನ್ನುವ ಗಡಿಯಾರ ಅದು, ಆದರೆ ಡ್ಯಾಕಿಗೆ ತನ್ನದೇ ಗಡಿಯಾರ ಇದೆ. ಯುಎಸ್‌ಬಿಯಲ್ಲಿ ಜೋಡಿಸಿದ ಈಗಿನ ಡ್ಯಾಕುಗಳು ಬಹುಮಟ್ಟಿಗೆ ಅಂಕಿಗಳನ್ನು ಒಳಗೆ ಕೂಡಿಟ್ಟುಕೊಂಡು ತಮ್ಮ ತಾಳಕ್ಕೇ ನುಡಿಸುತ್ತವೆ, ಕಂಪ್ಯೂಟರಿನ ತಾಳಕ್ಕಲ್ಲ. ಹೊರಗೆ ನಿಂತು ಇನ್ನೊಬ್ಬ ತಾಳ ಹಾಕಿದರೆ ಒಳಗಿನವನಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ.

ಮಂದ್ರ ಯಾಕೆ ಕಲಸುತ್ತಿತ್ತು ಅನ್ನುವುದು ಮಾತ್ರ ಹಾಗೇ ಉಳಿದಿತ್ತಲ್ಲ. ಎದ್ದು ನೋಡಿದರೆ ಎಡಗಡೆಯ ಸ್ಪೀಕರ್ ಶೋಕೇಸಿನ ಒಳಗೆ, ದಸರಾ ಬೊಂಬೆಗಳ ಪಕ್ಕ, ಗೋಡೆಯ ಮೂಲೆಗೆ ಒತ್ತಿಕೊಂಡು ಕೂತಿದೆ. ಮೂಲೆಯಲ್ಲಿ ತಗ್ಗಿನ ನಾದ ಎರಡು ಗೋಡೆಗೂ ಬಡಿದು ಉಬ್ಬುತ್ತದೆ. ಹೊರಗೆ ತೆಗೆದು, ಗೋಡೆಯಿಂದ ಎರಡಡಿ ಮುಂದೆ ಸ್ಟೂಲಿನ ಮೇಲಿಟ್ಟೆವು. ಮತ್ತದೇ ವೀಣೆ ಹಾಕಿದರು. ಮಂದ್ರದಲ್ಲಿ ತಂತಿ ಎಳೆದು ಗಮಕ ಹಿಡಿದದ್ದು, ಮೀಟಿದ ಬೆರಳು ಬಿಟ್ಟದ್ದು ಬೇರೆ ಬೇರೆಯಾಗಿ ಕೇಳಿಸಿತು. ಮೇಷ್ಟ್ರು ಆ ಜಾಗಕ್ಕೆ ಮೂರು ಸಲ ಹಿಂದೆ ಹೋಗಿ ಕೇಳಿದರು.

"ಸ್ಟೂಲು ನನಗೆ ಬೇಕು, ಅಟ್ಟದಿಂದ ಡಬ್ಬ ಇಳಿಸೋಕೆ" ಅಂದರು ಅವರ ಮನೆಯಾಕೆ.

"ನಾಳೆ ಬಡಗಿಯನ್ನ ಕರೀತೀನಿ" ಅಂದರು ಮೇಷ್ಟ್ರು, ವೀಣೆಯಿಂದ ಕಿವಿ ತೆಗೆಯದೆ.